ನವಾಹೋ ಜನರ ಬೆಳ್ಳಿ

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬೆಳ್ಳಿಯ ಮಾತೇ ಇರಲಿ ಎಂದು ದೂರದ ಒಂದು ಚರಿತ್ರೆಯನ್ನು ನಾವು ಆರಿಸಿಕೊಂಡಿದ್ದೇವೆ.

ಅಮೆರಿಕದ ನೈಋತ್ಯ ಭಾಗದ ಒಣನೆಲದಲ್ಲಿ ಕುರಿ ಸಾಕಿ ಬದುಕಿದವರು ನವಾಹೋ ಬುಡಕಟ್ಟಿನವರು. 1864ರಲ್ಲಿ ಸರ್ಕಾರದ ಸೈನ್ಯ ಇವರನ್ನು ಊರು ಬಿಡಿಸಿ, ನೂರಾರು ಮೈಲಿ ನಡೆಸಿ, ಬೋಸ್ಕೆ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ವಾಪಸು ಬಂದರು. ಬೆಳ್ಳಿ ಕೆಲಸ ಇವರಲ್ಲಿ ಹರಡಿದ್ದು ಆಮೇಲೆಯೇ. ಮೆಕ್ಸಿಕೋದ ಕಸಬುದಾರರಿಂದ ಮೊದಲು ಕಲಿತವನು ಕಬ್ಬಿಣದ ಕೆಲಸದ ಅತ್ಸಿದಿ ಸಾನಿ ಎನ್ನುತ್ತಾರೆ.

ಬೆಳ್ಳಿ ಎಲ್ಲಿಂದ ಬಂತು? ನಾಣ್ಯದಿಂದ! ಡಾಲರು, ಪೆಸೊಗಳನ್ನು ಕರಗಿಸಿ, ಮೆದುಕಲ್ಲಿನಲ್ಲಿ ಕೊರೆದ ಅಚ್ಚಿಗೆ ಹೊಯ್ಯುತ್ತಿದ್ದರು. ಇಲ್ಲವೇ ಬಡಿದು ತಗಡು ಮಾಡಿ ಬಳೆ, ನಡುಪಟ್ಟಿ ಮಾಡುತ್ತಿದ್ದರು. ಹಸಿರು-ನೀಲಿಯ ಫಿರೋಜಾ ಕಲ್ಲು ಕೂರಿಸುವುದು ಶುರುವಾದದ್ದು 1880ರ ಸುಮಾರಿಗೆ.

ಈ ಒಡವೆ ಬರೀ ಶೃಂಗಾರಕ್ಕಲ್ಲ, ಕಷ್ಟಕಾಲದ ಗಂಟು. ಉಣ್ಣೆ ಮಾರುವ ತನಕ ಹಿಟ್ಟು, ಕಾಫಿ, ಸಕ್ಕರೆ ಬೇಕಲ್ಲ? ವ್ಯಾಪಾರಿಯ ಅಂಗಡಿಯಲ್ಲಿ ಗಿರವಿ ಇಡುತ್ತಿದ್ದರು. ದೇವರ ಕಾರ್ಯ ಬಂದರೆ ತೊಟ್ಟುಕೊಳ್ಳಲು ಕೊಟ್ಟು, ಮತ್ತೆ ವಾಪಸು ಇಸಿದುಕೊಳ್ಳುವ ವ್ಯಾಪಾರಿಗಳೂ ಇದ್ದರು. ವಾಯಿದೆ ಮೀರಿದರೆ ಮಾತ್ರ ಅಜ್ಜಿಯ ಸರ ಪರರ ಪಾಲು. ಇದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕೇ!

ರೈಲಿನಲ್ಲಿ ಪ್ರವಾಸಿಗಳು ಬಂದರು. 1899ರಿಂದ ಫ್ರೆಡ್ ಹಾರ್ವೆ ಕಂಪನಿ ಅವರಿಗಾಗಿ ಹಗುರ ಒಡವೆ ಮಾಡಿಸಿತು. ಹಿಂದೆಯೇ ಯಂತ್ರದ ನಕಲಿ ಮಾಲೂ ಬಂತು. ಕೈಕೆಲಸದವನಿಗೆ ಕೂಲಿ ಗಿಟ್ಟದಾಯಿತು. ಕಡೆಗೆ 1941ರಲ್ಲಿ ನವಾಹೋ ಜನರದ್ದೇ ಕರಕುಶಲ ಸಂಘ ಹುಟ್ಟಿತು. ಕುಶಲಕರ್ಮಿಗಳಿಗೆ ಬೆಳ್ಳಿ, ಕಲ್ಲು ಒದಗಿಸಿ, ಮಾಡಿದ ಒಡವೆಯನ್ನು ತಾನೇ ಕೊಂಡು ಮಾರಿತು. ಹೆಸರು ಸ್ವಲ್ಪ ಬದಲಾಗಿ ಅದು ಇಂದಿಗೂ ನಡೆಯುತ್ತಿದೆ.