ಹೊಳೆದಂಡೆಯ ಕಲಾದಗಿ: ಒಂದು ತೀರವಾಸಿ ಸಮುದಾಯದ ಚರಿತ್ರೆ ಮತ್ತು ಸ್ವಭಾವ

ತೀರವಾಸಿ ಸಮುದಾಯ ಎಂದೊಡನೆ ನಮ್ಮ ಜಾನಪದ ಸಂಶೋಧಕರ ಗಮನ ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯತ್ತ ಹರಿಯುವುದು ಸಹಜ. ಮೊಗವೀರರು, ಖಾರ್ವಿಗಳು, ಹಾಲಕ್ಕಿ ಒಕ್ಕಲಿಗರು ಮುಂತಾದ ಜನಸಮುದಾಯಗಳನ್ನು ಕುರಿತು ಗಣನೀಯ ಅಧ್ಯಯನಗಳು ನಡೆದಿವೆ. ಬಯಲುಸೀಮೆಯ ನದೀತೀರದ ಊರುಗಳಿಗೆ ಅಂಥ ಭಾಗ್ಯ ಒದಗಿದ್ದು ಕಡಿಮೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯ ಹಳ್ಳಿಗಳನ್ನು ನಾವು ಒಕ್ಕಲುತನದ ಹಳ್ಳಿಗಳೆಂದೋ ನೇಕಾರರ ಊರುಗಳೆಂದೋ ನೋಡಿದ್ದೇವೆಯೇ ಹೊರತು, ನೀರಿನ ಅಂಚಿನಲ್ಲಿ ಬದುಕು ಕಟ್ಟಿಕೊಂಡ ಸಮುದಾಯಗಳೆಂದು ನೋಡಿದ್ದು ವಿರಳ. ಪ್ರಸ್ತುತ ಲೇಖನದಲ್ಲಿ ಘಟಪ್ರಭೆಯ ಬಲದಂಡೆಯ ಮೇಲಿರುವ ಕಲಾದಗಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಕಲಾದಗಿ ಇಂದು ಬಾಗಲಕೋಟೆ ತಾಲ್ಲೂಕಿನ ಒಂದು ಹೋಬಳಿಯ ಊರು. ಬಾಗಲಕೋಟೆಯಿಂದ ಪಶ್ಚಿಮಕ್ಕೆ, ಲೋಕಾಪುರದತ್ತ ಹೋಗುವ ಹೆದ್ದಾರಿಯಲ್ಲಿ ಪ್ರಯಾಣಿಸಿದವರಿಗೆ ರಸ್ತೆಯ ಬದಿಯ ಹಣ್ಣಿನ ಬುಟ್ಟಿಗಳಿಂದ ಈ ಊರು ನೆನಪಿನಲ್ಲಿ ಉಳಿದಿರುತ್ತದೆ. ಊರಿನ ಹಿರಿಯರೊಡನೆ ಮಾತಿಗೆ ಕುಳಿತರೆ ಮೊದಲು ಕೇಳಿಬರುವುದು ಮಾತ್ರ ಇನ್ನೊಂದು ಸಂಗತಿ: ಇದು ಒಂದು ಕಾಲಕ್ಕೆ ಜಿಲ್ಲಾ ಸ್ಥಳವಾಗಿತ್ತು. ಊರ ಹೆಸರಿನ ವ್ಯುತ್ಪತ್ತಿಯ ಗೊಡವೆಗೆ ನಾನು ಹೋಗುವುದಿಲ್ಲ. ನಮ್ಮಲ್ಲಿ ಸ್ಥಳನಾಮ ಚರ್ಚೆ ಎಷ್ಟೋ ಸಲ ಪಂಡಿತರ ಊಹೆಯನ್ನೇ ಜನರ ಬಾಯಿಗೆ ತುರುಕುವ ಕೆಲಸವಾಗಿಬಿಟ್ಟಿದೆ.

ಪೇಶ್ವೆಯ ಪತನದ ತರುವಾಯ, 1818ರಿಂದ ಈ ಪ್ರದೇಶ ಬ್ರಿಟಿಷರ ವಶವಾಯಿತು. ಕಲಾದಗಿಯಲ್ಲಿ ಅವರ ಸೈನ್ಯದ ಠಾಣ್ಯವೊಂದು ನೆಲೆಗೊಂಡಿತು. ಆ ಕಾಲದ ಸೇನಾ ದಾಖಲೆಗಳಲ್ಲಿ ಊರ ಹೆಸರು ‘ಕುಲ್ಲಾಡ್ಘೀ’ ಎಂಬ ವಿಕಾರ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. 1864ರಲ್ಲಿ ಬೆಳಗಾವಿ, ಸೋಲಾಪುರ ಜಿಲ್ಲೆಗಳ ಭಾಗಗಳನ್ನು ಬೇರ್ಪಡಿಸಿ ಕಲಾದಗಿ ಜಿಲ್ಲೆಯನ್ನು ರಚಿಸಲಾಯಿತು. ಭೀಮಾ ತೀರದ ಇಂಡಿ, ಸಿಂದಗಿಗಳಿಂದ ಹಿಡಿದು ವಿಜಾಪುರ, ಬಾಗೇವಾಡಿ, ಮುದ್ದೇಬಿಹಾಳ, ಬಾಗಲಕೋಟೆ, ಹುನಗುಂದ, ಬಾದಾಮಿಯವರೆಗಿನ ಎಂಟು ತಾಲ್ಲೂಕುಗಳು ಅದರಲ್ಲಿದ್ದವು. ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಾಪುರವೂ ಚಾಲುಕ್ಯರ ವಾತಾಪಿಯೂ ಹೀಗೆ ಹೊಳೆದಂಡೆಯ ಒಂದು ಸಣ್ಣ ಊರಿನ ಕಚೇರಿಯ ಅಧೀನಕ್ಕೆ ಬಂದವು.

ಈ ವೈಭವ ಬಾಳಿದ್ದು ಕೇವಲ ಎರಡು ದಶಕ. ಆದರೆ ಆ ಎರಡು ದಶಕಗಳು ಕರ್ನಾಟಕದ ಪ್ರಾಚ್ಯಸಂಶೋಧನೆಯ ಆರಂಭದ ದಶಕಗಳೂ ಆಗಿದ್ದುದರಿಂದ ಕಲಾದಗಿಯ ಹೆಸರು ಗ್ರಂಥಗಳಲ್ಲಿ ಅಚ್ಚಳಿಯದೆ ಉಳಿಯಿತು. ಜೇಮ್ಸ್ ಬರ್ಜೆಸ್ಸರು 1874ರಲ್ಲಿ ಸಂಚರಿಸಿ ಬರೆದ, ಪಶ್ಚಿಮ ಭಾರತದ ಪುರಾತತ್ತ್ವ ಸರ್ವೇಕ್ಷಣೆಯ ಮೊದಲ ಸಂಪುಟದ ಶೀರ್ಷಿಕೆಯಲ್ಲಿಯೇ ಬೆಳಗಾವಿಯ ಜೊತೆಗೆ ಕಲಾದಗಿ ಇದೆ. ಜೆ.ಎಫ್. ಫ್ಲೀಟರು ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನಗಳೆಲ್ಲ ‘ಕಲಾದಗಿ ಜಿಲ್ಲೆ’ಯ ಶಾಸನಗಳೇ. ಹಳೆಯ ಸಂಪುಟಗಳನ್ನು ತಿರುವಿಹಾಕುವ ಇಂದಿನ ವಿದ್ಯಾರ್ಥಿಗೆ ಇದು ಒಂದು ಕ್ಷಣ ಗೊಂದಲವನ್ನೂ ಉಂಟುಮಾಡುತ್ತದೆ.

ಭೂವಿಜ್ಞಾನಿಗಳ ನಾಮಕರಣವಂತೂ ಇನ್ನೂ ಗಟ್ಟಿಯಾದುದು. ರಾಬರ್ಟ್ ಬ್ರೂಸ್ ಫೂಟರು 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿವರಣೆಯಲ್ಲಿ ಈ ಭಾಗದ ಶಿಲಾಪದರಗಳಿಗೆ ‘ಕಲಾದಗಿ ಶ್ರೇಣಿ’ ಎಂದು ಹೆಸರಿಸಿದರು. ಇಂದಿಗೂ ಆ ಹೆಸರೇ ಶಾಸ್ತ್ರಸಮ್ಮತ. ಕ್ರಿ.ಶ. 578ರ ಮಂಗಲೇಶನ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನು ಕೊರೆದಿರುವ ಕೆಂಪು ಮರಳುಗಲ್ಲು ಈ ಶಿಲಾಸಮೂಹದ ಮೇಲಿನ ಭಾಗಕ್ಕೆ ಸೇರಿದ್ದು. ಬಾಗಲಕೋಟೆ ಸೀಮೆಯ ಸಿಮೆಂಟ್ ಕಾರ್ಖಾನೆಗಳಿಗೆ ಒದಗುವ ಸುಣ್ಣಕಲ್ಲು ಕೆಳಗಿನ ಭಾಗದ್ದು. ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲೊಂದರ ಅಂಚಿನಲ್ಲಿ ಮರಳು, ರಾಡಿ, ಸುಣ್ಣ ಪದರಪದರವಾಗಿ ಕೂತು ಈ ಕೆಳಗಿನ ಕಲ್ಲುಗಳಾದವೆಂದು ತಜ್ಞರು ತಿಳಿಸುತ್ತಾರೆ. ಬೆಣಚುಕಲ್ಲಿನ ಹಾಸುಗಳ ಮೇಲೆ ಅಂದಿನ ಅಲೆಗಳು ಮೂಡಿಸಿದ ಸಾಲುಗಳು ಇಂದಿಗೂ ಕಾಣಸಿಗುತ್ತವೆ. ಕಡಲನ್ನೇ ಕಾಣದ ಈ ಒಣಸೀಮೆ ಒಮ್ಮೆ ಕರಾವಳಿಯಾಗಿತ್ತೆಂಬ ಮಾತು ಜಾನಪದ ವಿದ್ಯಾರ್ಥಿಗೆ ನೇರವಾಗಿ ಸಂಬಂಧಿಸಿದ್ದಲ್ಲವಾದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಮೇಲಿನ ದಾಖಲೆಗಳೆಲ್ಲ ಆಳುವವರ ಮತ್ತು ಅಳೆಯುವವರ ದಾಖಲೆಗಳು. ಇದೇ ಅವಧಿಯನ್ನು ಜನ ತಮ್ಮ ರೀತಿಯಲ್ಲಿ ದಾಖಲಿಸಿದ್ದು ಲಾವಣಿಯಲ್ಲಿ. ಹೊಳೆಯಾಚೆ, ಅಂದಿನ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ, 1857ರ ನವೆಂಬರಿನಲ್ಲಿ ಬೇಡರು ಸರಕಾರದ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದರು. ಬೇಟೆಯನ್ನೂ ಕಾವಲನ್ನೂ ನೆಚ್ಚಿ ಬದುಕುವವರಿಗೆ ಆಯುಧವೆಂದರೆ ರಟ್ಟೆಯಿದ್ದಂತೆ. ಅದನ್ನು ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸಿದಂತೆ. ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಡಪ್ಪು, ತುಂತುಣಿಗಳ ನಾದದೊಡನೆ ಈ ಸೀಮೆಯ ಕಿವಿಗಳಲ್ಲಿ ಉಳಿದವು. ಶಾಸನಗಳನ್ನು ಓದುತ್ತಿದ್ದ ಫ್ಲೀಟರೇ ಈ ಲಾವಣಿಯನ್ನೂ ಸಂಗ್ರಹಿಸಿ, ಸಂಗೊಳ್ಳಿ ರಾಯಣ್ಣನ ಬಂಡಾಯ, ಆದಾಯ ತೆರಿಗೆ, ಸಂಗ್ಯಾನ ಕೊಲೆ ಮೊದಲಾದವುಗಳನ್ನು ಕುರಿತ ಹಾಡುಗಳ ಜೊತೆಗೆ 1885ರಿಂದ ಮುಂದಿನ ವರ್ಷಗಳಲ್ಲಿ ಅನುವಾದಸಹಿತ ಅಚ್ಚು ಮಾಡಿಸಿದರು. ದಂಗೆಯನ್ನು ಹತ್ತಿಕ್ಕಿದ ಆಡಳಿತದ ಅಧಿಕಾರಿಯೊಬ್ಬ ದಂಗೆಯವರ ಹಾಡನ್ನು ಬರೆದಿಟ್ಟುಕೊಂಡುದು ನಮ್ಮ ಶಿಸ್ತಿನ ಚರಿತ್ರೆಯ ಒಂದು ವಿಚಿತ್ರ ಪ್ರಸಂಗ. ಅದಕ್ಕೆ ಕೃತಜ್ಞರಾಗಿರೋಣ, ಆದರೆ ಆ ಹಾಡು ಬದುಕಿದ್ದು ಅಚ್ಚಿನಿಂದಲ್ಲ, ಹಾಡುವವರಿಂದ.

1876ರಿಂದ 1878ರ ಮಹಾಕ್ಷಾಮ ಕಲಾದಗಿ ಜಿಲ್ಲೆಯನ್ನು ಮುರಿದುಹಾಕಿತು. 1872ರ ಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು, ಇಲ್ಲವೆ ದೇಶಾಂತರ ಹೋದರು. ಕ್ಷಾಮ ಮುಗಿದ ಕೆಲವೇ ವರ್ಷಗಳಲ್ಲಿ, 1884ರ ವೇಳೆಗೆ, ಹೋಟಗಿಯಿಂದ ಗದಗಿನವರೆಗೆ ರೈಲುಮಾರ್ಗ ಸಿದ್ಧವಾಯಿತು. ಅದು ವಿಜಾಪುರ, ಬಾಗಲಕೋಟೆಗಳ ಮೂಲಕ ಸಾಗಿತು, ಕಲಾದಗಿಯನ್ನು ಮುಟ್ಟಲಿಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಸ್ಥಳಾಂತರಗೊಂಡು, ಆದಿಲಶಾಹಿ ಕಾಲದ ಮಹಲುಗಳಲ್ಲಿ ಕಚೇರಿಗಳು ತೆರೆದವು. ಜೇಮ್ಸ್ ಕ್ಯಾಂಬೆಲ್ಲರ ಗ್ಯಾಸೆಟಿಯರು 1884ರಲ್ಲಿ ಹೊರಬರುವಾಗಲೇ ವಿಜಾಪುರದ ಹೆಸರನ್ನು ಹೊತ್ತಿತ್ತು. ಕಲೆಕ್ಟರನ ಹಿಂದೆ ಗುಮಾಸ್ತರೂ ವಕೀಲರೂ ಅವರನ್ನು ನೆಚ್ಚಿದ ಅಂಗಡಿಕಾರರೂ ಹೊರಟುಹೋದರು. ಕಲಾದಗಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ಪುಟ ಮಡಚುತ್ತಾರೆ. ಅಧಿಕಾರ ಹೋದ ಮೇಲೆ ಊರಿಗೆ ಚರಿತ್ರೆಯೂ ಇರುವುದಿಲ್ಲವೆಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಕಚೇರಿ ಬರುವ ಮೊದಲೂ ಹೋದ ಮೇಲೂ ಇಲ್ಲಿ ಇದ್ದವರು ದಂಡೆಯ ಜನ. ಸಹ್ಯಾದ್ರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಧುಮುಕಿ, ರನ್ನನ ಮುದುವೊಳಲನ್ನು ಹಾದು ಬರುವ ಘಟಪ್ರಭೆಯನ್ನು ಈ ಊರವರು ಆ ಹೆಸರಿನಿಂದ ಕರೆಯುವುದು ಕಡಿಮೆ. ಅವರಿಗೆ ಅದು ‘ಹೊಳಿ’. ಅದರ ಅಂಚು ‘ಹೊಳಿದಂಡಿ’. ಎರೆಮಣ್ಣಿನ ಹೊಲಗಳಲ್ಲಿ ಬಿಳಿಜೋಳ, ಮಡ್ಡಿಯಲ್ಲಿ ಸಜ್ಜೆ, ದಂಡೆಗೆ ಹೊಂದಿಕೊಂಡ ಮೆಕ್ಕಲಿನಲ್ಲಿ ತೋಟ – ಇದು ಇಲ್ಲಿಯ ಭೂಮಿಯ ಹಳೆಯ ಹಂಚಿಕೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ತೇಲಿದಾಗ ಅದರಲ್ಲಿಯೇ ಕಲ್ಲಂಗಡಿ, ಸೌತೆಗಳ ಪಾತಿ ಮಾಡುವುದು ಕೃಷ್ಣೆ, ಘಟಪ್ರಭೆಗಳ ತೀರದಲ್ಲೆಲ್ಲ ಬಳಕೆಯಲ್ಲಿತ್ತು. ಮರಳಿಗೆ ಕಂದಾಯವಿಲ್ಲದಿದ್ದುದರಿಂದ ಭೂಮಿಯಿಲ್ಲದವರಿಗೆ ಅದೊಂದು ಆಸರೆ.

ಕಲಾದಗಿಯ ತೋಟಗಳಲ್ಲಿ ಚಿಕ್ಕು, ದಾಳಿಂಬೆ, ಪೇರಲ, ನಿಂಬೆ, ಬಾರಿ ಮುಖ್ಯವಾದವು. ತೋಟಗಾರಿಕೆಯಲ್ಲಿಯೂ ಹಣ್ಣಿನ ವ್ಯಾಪಾರದಲ್ಲಿಯೂ ಬಾಗವಾನರ ಪಾತ್ರ ಹಿರಿದು. ಬಾಗ್ ಎಂದರೆ ತೋಟ, ಬಾಗಬಾನ್ ಎಂದರೆ ತೋಟವನ್ನು ಕಾಯುವವನು. ಪಾರಸಿಯ ಈ ಪದ ಆದಿಲಶಾಹಿ ಸೀಮೆಯಲ್ಲಿ ಒಂದು ಮುಸ್ಲಿಂ ವೃತ್ತಿಸಮುದಾಯದ ಹೆಸರಾಗಿ ನೆಲೆಸಿತು. ಗಿಡ ಹೂಬಿಟ್ಟ ಕಾಲಕ್ಕೆ ಫಸಲನ್ನು ಗುತ್ತಿಗೆ ಹಿಡಿಯುವುದು, ಕಾಯಿ ಬಲಿಯುವವರೆಗೆ ಹಕ್ಕಿ, ಬಾವಲಿಗಳಿಂದ ಕಾಯುವುದು, ಕಿತ್ತು ಮಾಗಿಸಿ ಸಂತೆಗೆ ಸಾಗಿಸುವುದು ಈ ವೃತ್ತಿಯ ಕ್ರಮ. ನೆಲ ಒಬ್ಬರದು, ಹಣ್ಣು ಇನ್ನೊಬ್ಬರದು ಆಗಿರುವ ಈ ವ್ಯವಸ್ಥೆಯಲ್ಲಿ ಲಿಂಗಾಯತ ಒಕ್ಕಲಿಗನೂ ಬಾಗವಾನನೂ ಪರಸ್ಪರರ ಮಾತನ್ನು ನಂಬಿಯೇ ನಡೆಯಬೇಕು. ಕಚೇರಿ ತೆರವಾದ ಊರು ಹಾಳುಬೀಳದೆ ಉಳಿಯಲು ಈ ನಂಬಿಕೆಯ ವ್ಯವಹಾರವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವು ಬಾಗಲಕೋಟೆಯಲ್ಲಿ ಸ್ಥಾಪನೆಯಾದುದನ್ನು ಇದರ ಹಿನ್ನೆಲೆಯಲ್ಲಿಯೂ ನೋಡಬಹುದು.

ದಂಡೆಯ ಇನ್ನೊಂದು ವೃತ್ತಿಸಮುದಾಯ ಅಂಬಿಗರದು. ಸೇತುವೆಗಳಿಲ್ಲದ ಕಾಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ಹೊಳೆಯಾಚೆಗಿನ ನೆಂಟಸ್ತಿಕೆ, ಸಂತೆ, ಹೆರಿಗೆ, ಸಾವು ಎಲ್ಲವೂ ಅಂಬಿಗನ ಹರಿಗೋಲನ್ನು ಅವಲಂಬಿಸಿದ್ದವು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಈ ದುಂಡನೆಯ ದೋಣಿ ಸುಲಭಕ್ಕೆ ಮಗುಚದು. ಆದರೆ ಹುಟ್ಟು ಹಾಕುವವನಿಗೆ ಹೊಳೆಯ ಪ್ರತಿಯೊಂದು ಮಡುವಿನ ಪರಿಚಯ ಇರಬೇಕು. ಊರವರು ದಾಟಿದಾಗಲೆಲ್ಲ ಹಣ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದ ಅಂಬಿಗನಿಗೆ ಕಾಳು ಅಳೆದು ಕೊಡುವ ವಾಡಿಕೆ ಈ ನದಿಗಳ ತೀರದ ಅನೇಕ ಹಳ್ಳಿಗಳಲ್ಲಿತ್ತು. ಸೇತುವೆಗಳಾದ ಮೇಲೆ ಹರಿಗೋಲು ಮೀನುಗಾರಿಕೆಗೆ ಮೀಸಲಾಯಿತು. ಕಾಳಿನ ಲೆಕ್ಕ ನಿಂತುಹೋಯಿತು.

ಈ ಎಲ್ಲ ಸಮುದಾಯಗಳು ಒಂದೆಡೆ ಕೂಡುವುದು ನೀರಿಗೆ ಇಳಿಯುವ ಜಾಗದಲ್ಲಿ. ನಮ್ಮ ಕಡೆ ಜಾತ್ರೆಗೆ ಮುನ್ನ ಊರದೇವರ ಪಲ್ಲಕ್ಕಿ ಹೊಳೆಗೆ ಹೋಗಿ ಬರಬೇಕು. ದೇವರ ಮೈತೊಳೆದು, ಗಂಗೆಯನ್ನು ಪೂಜಿಸಿ, ತುಂಬಿದ ಕೊಡದೊಂದಿಗೆ ಡೊಳ್ಳಿನ ಮೇಳದಲ್ಲಿ ಹಿಂದಿರುಗಿದ ಮೇಲೆಯೇ ಜಾತ್ರೆಗೆ ಕಳೆ. ಸಂಕ್ರಾಂತಿಯಂದು ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಕಟ್ಟಿಕೊಂಡು ಬಂದ ಸಜ್ಜೆ ರೊಟ್ಟಿ, ಪಲ್ಯ, ಮಾದಲಿಗಳ ಬುತ್ತಿಯನ್ನು ದಂಡೆಯಲ್ಲಿಯೇ ಬಿಚ್ಚುತ್ತಾರೆ. ಮೊಹರಮ್ಮಿನ ಕೊನೆಯ ದಿನ ಅಲಾಯಿ ದೇವರುಗಳು ಹೋಗುವುದೂ ಹೊಳೆಗೆ. ರಿವಾಯತ್ ಪದಗಳನ್ನು ಹಾಡುತ್ತ, ಹೆಜ್ಜೆ ಹಾಕುತ್ತ ಹೊರಟ ಆ ಮೆರವಣಿಗೆಯಲ್ಲಿ ಹಾಡುವವರು ಯಾರು, ದೇವರನ್ನು ಹೊತ್ತವರು ಯಾರು ಎಂದು ಜಾತಿ ಹಿಡಿದು ವಿಂಗಡಿಸಲು ಹೊರಟ ಸಂಶೋಧಕ ಸೋಲುತ್ತಾನೆ. ಗುಡಿ, ದರ್ಗಾ, ಮಠಗಳಿಗೆ ಬೇರೆಬೇರೆ ಬಾಗಿಲುಗಳಿವೆ. ಎಲ್ಲ ದೇವರೂ ಬಂದು ನಿಲ್ಲುವ ಒಂದೇ ಜಾಗವೆಂದರೆ ದಂಡೆ. ಹೊಳೆದಂಡೆಯ ಊರುಗಳ ಸ್ವಭಾವವನ್ನು ಅರಿಯಲು ನಾವು ಗುಡಿಗಳಿಗಿಂತ ಮೊದಲು ಈ ಜಾಗಕ್ಕೆ ಹೋಗಬೇಕಾಗಿತ್ತು.

ಆ ಜಾಗವೇ ಈಗ ಸ್ಥಿರವಾಗಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 2000ದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಅನ್ವಯ 519.6 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸಲು ಅವಕಾಶವಾಯಿತು. ಕೃಷ್ಣೆಯ ನೀರು ಘಟಪ್ರಭೆಯೊಳಕ್ಕೆ ಹಿಂದೆ ಸರಿದು ಬಂದಿತು. ಹಳೆಯ ಬಾಗಲಕೋಟೆಯ ಬಹುಭಾಗವೂ ಅನೇಕ ಹಳ್ಳಿಗಳೂ ಮುಳುಗಿ, ನವನಗರವೂ ಪುನರ್ವಸತಿ ಕೇಂದ್ರಗಳೂ ಎದ್ದವು. ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ದೇವಾಲಯ ಈಗ ವರ್ಷದ ಹಲವು ತಿಂಗಳು ನೀರೊಳಗಿದ್ದು, ಬೇಸಿಗೆಯಲ್ಲಿ ಮಾತ್ರ ಹೊರಗೆ ಕಾಣಿಸಿಕೊಳ್ಳುತ್ತದೆ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಈ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿತು. 2019ರ ಆಗಸ್ಟಿನ ಮಹಾಪೂರದಲ್ಲಿ ಘಟಪ್ರಭೆಯ ದಂಡೆಯ ಊರುಗಳು ಎತ್ತರದ ನೀರು ಹೇಗಿರುತ್ತದೆಂಬುದನ್ನು ಮುಂಚಿತವಾಗಿಯೇ ಕಂಡವು. ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿಪಡಿಸಿತು.

ಕೆಳಗಿನ ತಾಲ್ಲೂಕುಗಳ ಬರಡು ಹೊಲಗಳಿಗೆ ಈ ನೀರು ಬೇಕು. ಅದನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. 1876ರ ಬರವನ್ನು ಕಂಡ ಸೀಮೆಯವರು ನೀರಾವರಿಯ ವಿರುದ್ಧ ಮಾತನಾಡುವುದು ಸುಲಭವಲ್ಲ. ಹಳೆಯ ರೈಲುಮಾರ್ಗ ತಪ್ಪಿಸಿಹೋದ ಈ ಸೀಮೆಗೆ ಬಾಗಲಕೋಟೆ–ಕುಡಚಿ ಮಾರ್ಗದ ಹಳಿಯೂ ಈಗ ಬಂದಿದೆ. ನಾನು ಎತ್ತುತ್ತಿರುವುದು ಲೆಕ್ಕದ ಪ್ರಶ್ನೆ. 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ನೆಲವನ್ನು ಅಳೆಯುತ್ತಾರೆ, ಕಟ್ಟಡವನ್ನು ಅಳೆಯುತ್ತಾರೆ, ತೋಟಗಾರಿಕೆಯ ತಜ್ಞರಿಂದ ಗಿಡಮರಗಳ ಬೆಲೆ ಕಟ್ಟಿಸುತ್ತಾರೆ. ಚಿಕ್ಕುವಿನ ಗಿಡಕ್ಕೆ ಬೆಲೆ ಬರುತ್ತದೆ. ಹೂಬಿಟ್ಟ ಕಾಲದಲ್ಲಿ ಮಾತಿನ ಮೇಲೆ ಅದನ್ನು ಹಿಡಿದ ಗುತ್ತಿಗೆದಾರನಿಗೆ ತೋರಿಸಲು ಕಾಗದವಿರುವುದಿಲ್ಲ. ಬೇಸಿಗೆಯ ಮರಳಿನಲ್ಲಿ ಪಾತಿ ಮಾಡಿದವನಿಗೆ ಸರ್ವೆ ನಂಬರು ಇರಲೇ ಇಲ್ಲ. ಗುಡಿಯನ್ನಾದರೆ ಕಟ್ಟಡವೆಂದು ಬರೆದುಕೊಳ್ಳಬಹುದು. ಪಲ್ಲಕ್ಕಿಯೂ ಅಲಾಯಿಯೂ ನೀರಿಗಿಳಿಯುವ ದಂಡೆಯನ್ನು ಯಾವ ಕಲಮಿನಲ್ಲಿ ಬರೆಯುವುದು? ಆ ದಂಡೆಗಳಿರುವಾಗಲೇ ಅವುಗಳ ಹೆಸರು, ಅಲ್ಲಿ ನಡೆಯುವ ಆಚರಣೆ, ಅಲ್ಲಿ ಹಾಡುವ ಪದಗಳನ್ನು ಊರೂರಿಗೆ ಹೋಗಿ ಪಟ್ಟಿ ಮಾಡುವ ಕೆಲಸವನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೂಡಲೇ ಕೈಗೆತ್ತಿಕೊಳ್ಳಬೇಕು.

ಹಿನ್ನೀರು ನಿಂತ ಊರುಗಳಲ್ಲಿ ಜನ ಈಗಾಗಲೇ ತಮ್ಮದೊಂದು ದಾರಿ ಕಂಡುಕೊಂಡಿದ್ದಾರೆ. ಆ ತಿಂಗಳು ನೀರು ಎಲ್ಲಿಯವರೆಗೆ ಬಂದಿದೆಯೋ ಅದನ್ನೇ ದಂಡೆಯೆಂದು ಎಣಿಸಿ, ಯಾರದೋ ಹೊಲದ ಬದುವಿನ ಮೇಲೆ ಪಲ್ಲಕ್ಕಿಯನ್ನು ಇಳಿಸಿ ಪೂಜೆ ಮಾಡುತ್ತಾರೆ.