ಗಾಜಿನ ತೊಟ್ಟಿಯಲ್ಲಿ ಕಡಲಿನ ತೆರೆ

ಗೋರೆಗಾಂವಿನಿಂದ ಸ್ಲೋ ಗಾಡಿ ಹಿಡಿದು ಚರ್ನಿರೋಡಿನಲ್ಲಿ ಇಳಿದು, ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು ನೋಡಿ ಬರದ ಮುಂಬಯಿ ಕನ್ನಡಿಗರು ನಮ್ಮ ತಲೆಮಾರಿನಲ್ಲಿ ವಿರಳ. ಊರಿನಿಂದ ನೆಂಟರು ಬಂದರೆಂದರೆ ಮಹಾಲಕ್ಷ್ಮಿ ದೇವಸ್ಥಾನ, ರಾಣಿಬಾಗ್, ಕೊನೆಗೆ ಈ ಮೀನಿನ ಮನೆ. ಇದು ನಮ್ಮ ಮನೆಯ ಗೊತ್ತಾದ ಕಾರ್ಯಕ್ರಮವಾಗಿತ್ತು. ಪಾರ್ಸಿ ದಾನಿ ತಾರಾಪೋರ್‌ವಾಲಾ ಅವರು ಕೊಟ್ಟ 2 ಲಕ್ಷ ರೂಪಾಯಿಯೂ ಸೇರಿ ಸುಮಾರು 8 ಲಕ್ಷ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಈ ಸಂಸ್ಥೆಯನ್ನು 1951ರಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಉದ್ಘಾಟಿಸಿದ್ದರು. 2015ರಲ್ಲಿ ಅದು ನವೀಕರಣಗೊಂಡು ಮತ್ತೆ ತೆರೆಯಿತು. 2020ರ ಮಹಾಮಾರಿಯ ಕಾಲದಲ್ಲಿ ಬಾಗಿಲು ಮುಚ್ಚಿತು.

ಅಲ್ಲಿ ರಸ್ತೆಯ ಆಚೆ ಕಡಲು, ಈಚೆ ಗಾಜಿನ ತೊಟ್ಟಿ. ಆ ಕಡಲಿಗೂ ಈ ತೊಟ್ಟಿಗೂ ನಡುವಿನ ವ್ಯತ್ಯಾಸವೇನು ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿತ್ತು. ಅದಕ್ಕೆ ಉತ್ತರ ದೊರೆತದ್ದು ನಮ್ಮ ಮನೆಯಲ್ಲಿಯೇ.

2005ರ ಜುಲೈ 26. ಸಾಂತಾಕ್ರೂಜ್ ವೇಧಶಾಲೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾದ ಆ ದಿನವನ್ನು ಉಪನಗರದವರು ಯಾರೂ ಮರೆಯಲಾರರು. ನಮ್ಮ ಕಟ್ಟಡದ ಕರೆಂಟು ಹೋಯಿತು. ಮೂರು ಅಡಿ ಉದ್ದದ ನಮ್ಮ ಮೀನಿನ ತೊಟ್ಟಿಯ ಪಂಪೂ ನಿಂತಿತು. ರಾತ್ರಿಯಾಗುತ್ತಲೇ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಮೇಣದ ಬತ್ತಿಯ ಬೆಳಕಿನಲ್ಲಿ ಅಪ್ಪಯ್ಯ, ಅಮ್ಮ, ನಾನು ಸರದಿಯಂತೆ ಚೊಂಬಿನಲ್ಲಿ ನೀರು ಮೊಗೆದು ಮೊಳದೆತ್ತರದಿಂದ ಸುರಿದೆವು. ಬೆಳಗಾಗುವಾಗ ಹನ್ನೊಂದರಲ್ಲಿ ಏಳು ಮೀನು ಉಳಿದಿದ್ದವು.

ಹೆದರಿದ ನಾನು ಮುಂದಿನ ಸಂಬಳದಲ್ಲಿ ಮೊದಲಿನದರ ಎರಡರಷ್ಟು ಶಕ್ತಿಯ ಪಂಪು ತಂದು ಹಾಕಿದೆ. ಹಗಲಿರುಳು ಅದು ಒಂದೇ ದಿಕ್ಕಿಗೆ ನೀರನ್ನು ನೂಕುತ್ತಿತ್ತು. ಮೀನುಗಳು ಕಲ್ಲಿನ ಹಿಂದೆ ಅಡಗಿ ಕುಳಿತವು; ಒಂದು ಮೂಲೆಯಲ್ಲಿ ಕಸ ಗುಡ್ಡೆಯಾಯಿತು. ತಿಂಗಳೊಳಗೆ ಇನ್ನೆರಡು ಮೀನು ಸತ್ತವು. ಗಂಗೊಳ್ಳಿಯ ಕಡಲ ದಂಡೆಯಲ್ಲಿ ಬೆಳೆದ ಅಪ್ಪಯ್ಯ ಒಂದು ಭಾನುವಾರ ತೊಟ್ಟಿಯ ಮುಂದೆ ಬಹಳ ಹೊತ್ತು ಕುಳಿತಿದ್ದು ಹೇಳಿದರು: “ಮಗಾ, ಕಡಲು ಹೀಗೆ ಒಂದೇ ಸಮನೆ ದೂಡುವುದಿಲ್ಲ. ದೂಡುತ್ತದೆ, ಎಳೆಯುತ್ತದೆ, ನಡುವೆ ಒಂದು ಗಳಿಗೆ ಸುಮ್ಮನಿರುತ್ತದೆ. ಹೊಳೆಯೂ ಕಲ್ಲಿನ ಮರೆಯಲ್ಲಿ ಸುಮ್ಮನಾಗುತ್ತದೆ. ನಿನ್ನ ನೀರಿಗೆ ಉಸಿರೇ ಇಲ್ಲ.”

ಅಪ್ಪಯ್ಯ ಅಂದು ಆಡಿದ ಈ ಮಾತನ್ನು ಕಂಡುಕೊಳ್ಳಲು ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು ಎಂಬುದು ಮುಂದೆ ಪುಸ್ತಕಗಳನ್ನು ತಿರುವಿದಾಗ ನನಗೆ ತಿಳಿಯಿತು.

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನಿಟ್ಟು ಅಭ್ಯಾಸ ಮಾಡುವ ಪದ್ಧತಿಯನ್ನು 1832ರಲ್ಲಿ ಸಿಸಿಲಿ ದ್ವೀಪದಲ್ಲಿ ಆರಂಭಿಸಿದವಳು ಝಾನ್ ವಿಲ್‌ಪ್ರೊ ಪವರ್ ಎಂಬ ಫ್ರೆಂಚ್ ಮಹಿಳೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್, ಮೀನು, ನೀರುಗಿಡ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟರೆ ನೀರು ಕೆಡದೆ ಬಹುಕಾಲ ನಿಲ್ಲುತ್ತದೆಂದು ತೋರಿಸಿಕೊಟ್ಟನು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಇವೆಲ್ಲ ಬಹುಮಟ್ಟಿಗೆ ನಿಂತ ನೀರಿನ ಪ್ರಯೋಗಗಳು.

ನೀರು ಚಲಿಸುತ್ತಲೇ ಇರಬೇಕೆಂಬ ತತ್ತ್ವವನ್ನು ಸಾಧಿಸಿದ ಶ್ರೇಯಸ್ಸು ವಿಲಿಯಂ ಆಲ್‌ಫರ್ಡ್ ಲಾಯ್ಡ್ ಎಂಬವನಿಗೆ ಸಲ್ಲಬೇಕು. 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯದಲ್ಲಿ ಅವನು ನೆಲದಡಿ ಕತ್ತಲೆಯಲ್ಲಿ ದೊಡ್ಡ ಜಲಾಶಯ ಕಟ್ಟಿಸಿ, ಉಗಿಯಂತ್ರದ ಪಂಪುಗಳಿಂದ ಕಡಲ ನೀರನ್ನು ಹಗಲಿರುಳು ತೊಟ್ಟಿಗಳಿಗೆ ಏರಿಸಿ ಇಳಿಸುತ್ತಿದ್ದನು. 1874ರಲ್ಲಿ ಇಟಲಿಯ ನೇಪಲ್ಸಿನಲ್ಲಿ ತೆರೆದ ಮತ್ಸ್ಯಾಲಯಕ್ಕೂ ಅವನ ಸಲಹೆಯಿತ್ತು. ಮೀನುಗಳು ಬದುಕಿದವು. ಆದರೆ ಹವಳದಂಥ ನಾಜೂಕಾದ ಜೀವಿಗಳನ್ನು ತೊಟ್ಟಿಯಲ್ಲಿ ಬೆಳೆಸುವುದು ಬಹುಕಾಲ ಕಷ್ಟವಾಗಿಯೇ ಉಳಿಯಿತು. ಇದಕ್ಕೆ ಬೆಳಕು, ನೀರಿನ ಗುಣ ಮೊದಲಾದ ಅನೇಕ ಕಾರಣಗಳುಂಟು; ನೀರಿನ ಚಲನೆ ಅವುಗಳಲ್ಲೊಂದು.

ಹವಳ ಒಂದೆಡೆ ಅಂಟಿಕೊಂಡಿರುವ ಪ್ರಾಣಿ. ಆಹಾರದ ಒಂದು ಪಾಲನ್ನೂ ಆಮ್ಲಜನಕವನ್ನೂ ನೀರೇ ತಂದುಕೊಡಬೇಕು. ಕಶ್ಮಲವನ್ನೂ ನೀರೇ ಒಯ್ಯಬೇಕು. ಅದರ ಮೈಗೆ ತಾಗಿ ಚಲಿಸದ ನೀರಿನ ತೆಳ್ಳನೆಯ ಪದರವೊಂದಿರುತ್ತದೆ. ಈ ಪದರ ದಪ್ಪವಾದಷ್ಟೂ ಕೊಡುಕೊಳೆ ನಿಧಾನ. ನೀರು ಒಂದೇ ಕಡೆಯಿಂದ ಸಮನಾಗಿ ಬಂದರೆ ಎದುರಿನ ಭಾಗಕ್ಕೆ ಪೆಟ್ಟು, ಮರೆಯ ಭಾಗಕ್ಕೆ ಉಪವಾಸ, ಮೂಲೆಯಲ್ಲಿ ಹೂಳು. ತೆರೆಯ ನೀರು ಹಿಂದಕ್ಕೂ ಮುಂದಕ್ಕೂ ಸುಳಿಯುವುದರಿಂದ ಎಲ್ಲ ಕಡೆಯ ಪದರವೂ ಆಗಾಗ ತೆಳುವಾಗುತ್ತದೆ. ನಮ್ಮ ಸಂಘದ ಸಭೆಗಳಲ್ಲಿ ಒಂದೇ ಕಡೆ ಮುಖ ಮಾಡಿದ ಫ್ಯಾನಿನ ಎದುರು ಕುಳಿತವರಿಗೆ ನೆಗಡಿ, ಹಿಂದಿನವರಿಗೆ ಬೆವರು. ಅದೇ ಫ್ಯಾನು ಅತ್ತಿತ್ತ ತಿರುಗಿದರೆ ಎಲ್ಲರಿಗೂ ಹಿತ. ತತ್ತ್ವ ಇಷ್ಟೇ.

ಇದನ್ನು ಮನಗಂಡವರು ಮೊದಲು ಯಾಂತ್ರಿಕ ಉಪಾಯಗಳನ್ನೇ ಹೂಡಿದರು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರು 1980ರ ಸುಮಾರಿಗೆ ಹವಳದ ತೊಟ್ಟಿಯಲ್ಲಿ ನೀರು ತುಂಬಿದೊಡನೆ ತಾನಾಗಿ ಮಗುಚುವ ಬಕೆಟ್ಟಿನಿಂದ ತೆರೆ ಎಬ್ಬಿಸಿದರು. 1984ರಲ್ಲಿ ತೆರೆದ ಕ್ಯಾಲಿಫೋರ್ನಿಯದ ಮಾಂಟೆರೆ ಬೇ ಮತ್ಸ್ಯಾಲಯದಲ್ಲಿ 28 ಅಡಿ ಎತ್ತರದ ತೊಟ್ಟಿಯೊಳಗೆ ಕೆಲ್ಪ್ ಎಂಬ ಕಡಲಪಾಚಿಯ ಕಾಡನ್ನೇ ಬೆಳೆಸಿದರು. ತೂಗಾಡುವ ನೀರಿಲ್ಲದಿದ್ದರೆ ಕೆಲ್ಪ್ ಸೊರಗುತ್ತದೆ. ಅದಕ್ಕೆ ಬೇಕಾದ ತೆರೆಯ ಯಂತ್ರವನ್ನು ರೂಪಿಸಿದವರು ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಡೇವಿಡ್ ಪ್ಯಾಕರ್ಡ್.

ಮನೆಯ ತೊಟ್ಟಿಯಲ್ಲಿ ಇದೇಕೆ ಸುಲಭವಾಗಲಿಲ್ಲ? ಕಾರಣ ನಮ್ಮ ಗೋಡೆಯ ಪ್ಲಗ್ಗಿನಲ್ಲಿದೆ. ಸಾಮಾನ್ಯ ಚಿಕ್ಕ ಪಂಪಿನೊಳಗಿನ ಅಯಸ್ಕಾಂತ ಪರ್ಯಾಯ ವಿದ್ಯುತ್ತಿನ ಆವರ್ತನೆಗೆ ಹೆಜ್ಜೆ ಹಾಕಿ ತಿರುಗುತ್ತದೆ. ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಆವರ್ತನೆ. ಆದ್ದರಿಂದ ಪಂಪು ನಿಮಿಷಕ್ಕೆ 3000 ಸುತ್ತು. ತಿರುಗಿದರೆ ಅಷ್ಟೇ ವೇಗ, ಇಲ್ಲವಾದರೆ ಶೂನ್ಯ. ಎರಡು ಪಂಪುಗಳನ್ನು ಟೈಮರಿಗೆ ಜೋಡಿಸಿ ಸರದಿಯಂತೆ ನಡೆಸಿದವರುಂಟು. ಆದರೆ ಪದೇ ಪದೇ ನಿಂತು ಹೊರಟರೆ ಪಂಪು ಬೇಗ ಸವೆಯುತ್ತದೆ, ಸದ್ದೂ ಮಾಡುತ್ತದೆ.

ವಿದ್ಯುನ್ಮಾನ ಅಗ್ಗವಾದ ಮೇಲೆ ಈ ಗಂಟು ಸಡಿಲಿತು. ಬ್ರಷ್ ಇಲ್ಲದ ಡಿ.ಸಿ. ಮೋಟಾರಿನಲ್ಲಿ ಅಯಸ್ಕಾಂತವನ್ನು ತಿರುಗಿಸುವ ಸುರುಳಿಗಳಿಗೆ ಯಾವ ಕ್ಷಣ ವಿದ್ಯುತ್ತು ಹೋಗಬೇಕೆಂಬುದನ್ನು ಒಂದು ಪುಟ್ಟ ನಿಯಂತ್ರಕ ನಿರ್ಧರಿಸುತ್ತದೆ. ನಿಯಂತ್ರಕ ನಿಧಾನಿಸಿದರೆ ಪಂಪೂ ನಿಧಾನ, ಅದು ಅವಸರಿಸಿದರೆ ಪಂಪಿಗೂ ಅವಸರ. 2000ರ ದಶಕದಲ್ಲಿ ಅಮೆರಿಕದ ಇಕೋಟೆಕ್ ಕಂಪೆನಿ ಮೋಟಾರನ್ನು ಗಾಜಿನ ಹೊರಗಿಟ್ಟು, ಒಳಗಿನ ಚಕ್ರವನ್ನು ಅಯಸ್ಕಾಂತ ಬಲದಿಂದಲೇ ತಿರುಗಿಸುವ ಪಂಪನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದೀಚೆಗೆ ಇಂಥ ನಿಯಂತ್ರಿತ ಪಂಪುಗಳು ಅಗ್ಗವಾಗುತ್ತ ಬಂದು ನಮ್ಮಂಥವರ ಕೈಗೂ ಎಟುಕಿವೆ.

ವೇಗ ಬದಲಿಸುವುದರಲ್ಲಿ ಇನ್ನೆರಡು ಲಾಭಗಳಿವೆ. ಮೊದಲನೆಯದು ಖರ್ಚು. ಪಂಪಿನ ವೇಗವನ್ನು ಅರ್ಧ ಮಾಡಿದರೆ ಹರಿಯುವ ನೀರು ಅರ್ಧವಾಗುತ್ತದೆ; ಬೇಕಾಗುವ ಶಕ್ತಿ ಮಾತ್ರ ತತ್ತ್ವತಃ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ವಾಟಿನ ಕೆಲಸ ಒಂದೂಕಾಲು ವಾಟಿಗೆ ಬಂದಂತೆ. ವಾಸ್ತವದಲ್ಲಿ ಸ್ವಲ್ಪ ಹೆಚ್ಚು ಬೇಕಾದರೂ ಉಳಿತಾಯ ದೊಡ್ಡದೇ. ಕರೆಂಟು ಹೋದಾಗ ಬ್ಯಾಟರಿಯ ಮೇಲೆ ಮೆಲ್ಲಗೆ ಬಹಳ ಹೊತ್ತು ನಡೆಸಲು ಸಾಧ್ಯವಾಗುವುದೂ ಇದರಿಂದಲೇ.

ಎರಡನೆಯದು ತೂಗುವಿಕೆ. ಜೋಕಾಲಿಯ ಮೇಲೆ ಕುಳಿತ ಮಗುವನ್ನು ಸರಿಯಾದ ಸಮಯಕ್ಕೆ ಒಂದು ಬೆರಳಿನಿಂದ ತಳ್ಳಿದರೂ ಸಾಕು. ತೊಟ್ಟಿಯ ನೀರಿಗೂ ತನ್ನದೇ ಆದ ತೂಗುವ ಅವಧಿಯಿದೆ. ಮೂರು ಅಡಿ ಉದ್ದದ, ಒಂದೂಕಾಲು ಅಡಿ ನೀರಿರುವ ತೊಟ್ಟಿಯಲ್ಲಿ ಅದು ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಪಂಪು ಆ ತಾಳಕ್ಕೆ ಮಿಡಿದರೆ ಅಲ್ಪಬಲದಿಂದಲೇ ಇಡೀ ತೊಟ್ಟಿ ತೂಗುತ್ತದೆ. ಆದರೆ ಗಾಜಿನ ಅಂಟಿನ ಮೇಲೆ ಒತ್ತಡ ಬೀಳುವುದರಿಂದ ಅತಿ ಮಾಡಬಾರದು.

ಎಲ್ಲ ಮೀನಿಗೂ ತೆರೆ ಬೇಕೆಂದು ಯಾರೂ ತಿಳಿಯಬಾರದು. ಗದ್ದೆಯ ನಿಂತ ನೀರಿನ ಕಾಳಗದ ಮೀನಿಗೆ ಜೋರಾದ ಹರಿವು ಶಿಕ್ಷೆ. ಪಶ್ಚಿಮ ಘಟ್ಟದ ಹೊಳೆಗಳಿಂದ ಬಂದ ‘ಮಿಸ್ ಕೇರಳ’ ಎಂಬ ಚೆಲುವೆಗೆ ಹರಿವೇ ಜೀವ. ಮೀನನ್ನು ಕೊಳ್ಳುವ ಮೊದಲು ಅದರ ಊರನ್ನು ವಿಚಾರಿಸಬೇಕು. ಊರು ಬಿಟ್ಟು ಬಂದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹವಳವೆಂದರೆ ಲಕ್ಷದ್ವೀಪವೇ ಆಗಬೇಕೆಂದಿಲ್ಲ. ನಮ್ಮ ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದಲ್ಲಿ ಹವಳವಿದೆ. ಮುಂಬಯಿಯ ಹಾಜಿ ಅಲಿ, ವರ್ಲಿಯ ಕಲ್ಲುಗಳ ಮೇಲೂ ಹವಳವಿತ್ತು. ಕರಾವಳಿ ರಸ್ತೆಗಾಗಿ 2020ರಲ್ಲಿ ಅದನ್ನು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಎಬ್ಬಿಸಿ ಬೇರೆಡೆ ನೆಟ್ಟರು. ಈ ನಗರದ ಕೊಳೆನೀರಿನ ನಡುವೆಯೂ ಅದು ಬದುಕಿದ್ದುದರಲ್ಲಿ, ದಿನವೂ ಬಂದು ಹೋಗುವ ತೆರೆ ಮತ್ತು ಭರತ ಇಳಿತಗಳ ಪಾಲೂ ಇದ್ದೀತು ಎಂದು ನನಗೆ ತೋರುತ್ತದೆ.

ನಮ್ಮ ತೊಟ್ಟಿಯಲ್ಲಿ ಈಗ ನಿಯಂತ್ರಿತ ಪಂಪಿದೆ. ಬೆಳಿಗ್ಗೆ ಮೆಲ್ಲಗೆ ಆರಂಭಿಸಿ, ಮಧ್ಯಾಹ್ನ ಏರಿಳಿದು, ರಾತ್ರಿ ಬಹುಮಟ್ಟಿಗೆ ಸುಮ್ಮನಾಗುವಂತೆ ಅದನ್ನು ಹೊಂದಿಸಿದ್ದೇನೆ. ಮಗಳಿಗೆ ಗುಂಡಿ ಒತ್ತುವುದೇ ಆಟ. ಮೀನುಗಳು ಕಲ್ಲಿನ ಮರೆಯಿಂದ ಹೊರಗೆ ಬಂದಿವೆ. ಇದನ್ನು ನೋಡಲು ಅಪ್ಪಯ್ಯ ಇಲ್ಲ. ಆದರೆ ಪಂಪಿನ ಸದ್ದು ತಗ್ಗಿ ನೀರು ಒಂದು ಗಳಿಗೆ ನಿಂತಾಗಲೆಲ್ಲ ಅವರ ಮಾತು ನೆನಪಾಗುತ್ತದೆ.