ದುಃಖಕ್ಕೆ ದಿನಕ್ಕೊಂದು ಗಂಟೆ

ಉಕ್ರೇನಿನ ಉಮಾನ್ ಊರಿನಲ್ಲಿ ಒಂದು ಸಮಾಧಿಯಿದೆ. ಯೆಹೂದಿ ಹೊಸ ವರ್ಷದ ಹಬ್ಬಕ್ಕೆ ಅಲ್ಲಿ ಹತ್ತಾರು ಸಾವಿರ ಜನ ಸೇರುತ್ತಾರೆ. ಯುದ್ಧ ಶುರುವಾದ ಮೇಲೂ ಬರುವವರು ನಿಲ್ಲಲಿಲ್ಲ. ಅಲ್ಲಿ ಮಲಗಿರುವ ಬ್ರಾತ್ಸ್ಲಾವಿನ ರಬ್ಬಿ ನಾಖ್ಮನ್ 1810ರಲ್ಲಿ, 38ನೇ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಸದಾ ಸಂತೋಷವಾಗಿರುವುದು ದೊಡ್ಡ ಧರ್ಮ ಎಂಬ ಅವರ ಬೋಧನೆ ಇಂದು ಹಾಡಾಗಿದೆ. ಹೇಳಿದವರು ಎಂಥ ಕತ್ತಲಲ್ಲಿ ಕೂತು ಹೇಳಿದರು ಎಂಬುದು ಮಾತ್ರ ಹಾಡಿನಲ್ಲಿ ಕೇಳಿಸುವುದಿಲ್ಲ.

ಹಸಿದೀ ಪಂಥದ ಮೂಲಪುರುಷ ಬಾಲ್ ಶೆಮ್ ತೋವ್ ಅವರ ಮರಿಮೊಮ್ಮಗ ನಾಖ್ಮನ್. ಹುಟ್ಟಿದ್ದು 1772ರಲ್ಲಿ, ಪೋಲೆಂಡ್ ಮೊದಲ ಸಲ ಹೋಳಾದ ವರ್ಷ. 1806ರಲ್ಲಿ ಎಳೆಯ ಮಗ ಸತ್ತ. 1807ರಲ್ಲಿ ಹೆಂಡತಿ ಹೋದರು. ಅದೇ ವರ್ಷ ಅವರಿಗೂ ಕ್ಷಯ ಕಾಣಿಸಿಕೊಂಡಿತು. 1808ರಲ್ಲಿ ತಮ್ಮದೇ ಒಂದು ಹಸ್ತಪ್ರತಿಯನ್ನು ಸುಡಲು ಶಿಷ್ಯರಿಗೆ ಹೇಳಿದರು. ಇಂದಿನ ವೈದ್ಯರ ಪದಗಳನ್ನು ಇನ್ನೂರು ವರ್ಷ ಹಿಂದಿನವರ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಮನಸ್ಸು ಪಾತಾಳಕ್ಕಿಳಿಯುವುದು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದ್ದರಿಂದಲೇ ಅವರು ‘ನಗುತ್ತಿರಿ’ ಎಂದು ಹೇಳಿ ಸುಮ್ಮನಾಗಲಿಲ್ಲ. ಎರಡು ಬಗೆಯ ನೋವನ್ನು ಬೇರೆ ಮಾಡಿದರು. ಒಂದು ಒಡೆದ ಹೃದಯ: ಮಗು ಅಪ್ಪನ ಮುಂದೆ ಅತ್ತ ಹಾಗೆ. ಇನ್ನೊಂದು ವಿಷಾದ: ಅದರಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚು, ಬಾಗಿಲು ಹಾಕಿಕೊಂಡ ಸಿಟ್ಟು. ಮೊದಲನೆಯದಕ್ಕೆ ದಿನದಲ್ಲಿ ಒಂದು ಗಂಟೆ ಮೀಸಲಿಡಿ, ಉಳಿದ ಹೊತ್ತು ಸಂತೋಷಕ್ಕೆ ಬಿಡಿ ಎಂಬುದು ಅವರ ಸೂಚನೆ. ದುಃಖವನ್ನು ಅವರು ಓಡಿಸಲಿಲ್ಲ, ಅದಕ್ಕೊಂದು ಹೊತ್ತು ಗೊತ್ತುಮಾಡಿದರು. ಅವರ ಇಡೀ ಬೋಧನೆಯಲ್ಲಿ ಇಂದಿನವರಿಗೆ ಹೆಚ್ಚು ಒದಗುವುದು ಬಹುಶಃ ಇದೇ.

ಆ ಒಂದು ಗಂಟೆ ಮಾಡುವುದೇನು? ಊರಾಚೆ ಹೊಲದ ಕಡೆಗೋ ಒಂಟಿ ಕೋಣೆಗೋ ಹೋಗಿ ದೇವರ ಜೊತೆ ಮಾತಾಡುವುದು. ಅದೂ ಪ್ರಾರ್ಥನೆಯ ಹೀಬ್ರೂವಿನಲ್ಲಲ್ಲ, ಮನೆಮಾತು ಯಿದ್ದಿಷ್‌ನಲ್ಲಿ. ದೇವರನ್ನು ಕನ್ನಡದಲ್ಲೇ ಜಗ್ಗಿ ಕೇಳಿದ ಶರಣರನ್ನೂ ದಾಸರನ್ನೂ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಗ್ರಂಥಭಾಷೆಯಲ್ಲೇ ಪ್ರಾರ್ಥನೆ ನಡೆಯುತ್ತಿದ್ದ ಸಮುದಾಯಕ್ಕೆ ಅದು ಸಣ್ಣ ಮಾತಲ್ಲ. ಸಾಲ, ಹೊಟ್ಟೆನೋವು, ಹೆಂಡತಿ ಮಕ್ಕಳ ಚಿಂತೆ, ಯಾವುದನ್ನಾದರೂ ಹೇಳಬಹುದು. ಬಾಯೇ ಬಾರದಿದ್ದರೆ, ಬಾಯಿ ಬರುತ್ತಿಲ್ಲ ಎಂಬುದನ್ನೇ ಹೇಳಿಕೊಳ್ಳುವುದು. ಒಂದೇ ಒಂದು ಪದ ಸಿಕ್ಕರೆ ಅದನ್ನೇ ದಿನಗಟ್ಟಲೆ ಹೇಳಿದರೂ ನಡೆಯುತ್ತದೆ. ಮನಸ್ಸು ಕುಸಿದಾಗ ಮೊದಲು ಹೋಗುವುದು ಮಾತು ಎಂದು ತಿಳಿದವರಷ್ಟೇ ಇಂಥ ರಿಯಾಯಿತಿ ಕೊಡಬಲ್ಲರು.

ನಾಖ್ಮನ್ ಕೊಟ್ಟ ಒಂದು ಹೋಲಿಕೆ ಇದೆ. ಮದುವೆಮನೆಯಲ್ಲಿ ಜನ ಕೈಹಿಡಿದು ಸುತ್ತುಗಟ್ಟಿ ಕುಣಿಯುತ್ತಾರೆ. ಹೊರಗೆ ಸಪ್ಪಗೆ ನಿಂತವನನ್ನೂ ಒಳಗೆಳೆದುಕೊಳ್ಳುತ್ತಾರೆ. ಅವನು ಕುಣಿಯುವಷ್ಟು ಹೊತ್ತು ಅವನ ದುಃಖ ದೂರ ನಿಂತು ಕಾಯುತ್ತಿರುತ್ತದೆ. ಅಷ್ಟಕ್ಕೆ ಬಿಡಬಾರದು, ಓಡುವ ಆ ದುಃಖವನ್ನೇ ಅಟ್ಟಿಸಿಕೊಂಡು ಹೋಗಿ ಕುಣಿತದೊಳಗೆ ಎಳೆತರಬೇಕು ಎಂದರು.

ಸಾಯುವ ವರ್ಷ ಅವರು ಉಮಾನಿಗೆ ಬಂದದ್ದು ಬೇಕೆಂದೇ. 1768ರಲ್ಲಿ ಅಲ್ಲಿ ಯೆಹೂದಿಗಳ ದೊಡ್ಡ ಕಗ್ಗೊಲೆ ನಡೆದಿತ್ತು. ಸತ್ತವರನ್ನು ಹೂತ ನೆಲದಲ್ಲೇ ತಮ್ಮನ್ನೂ ಹೂಳಬೇಕೆಂದರು. ಅವರ ನಂತರ ಯಾರೂ ಗುರುವಾಗಲಿಲ್ಲ. ಸತ್ತ ಗುರುವಿನ ಶಿಷ್ಯರೆಂದು ಉಳಿದ ಹಸಿದೀಯರು ಅವರ ಅನುಯಾಯಿಗಳನ್ನು ಹೀಯಾಳಿಸಿದರು. ಶಿಷ್ಯ ನಾಥನ್ ಮಾತ್ರ ಗುರು ಹೇಳಿದ್ದನ್ನೆಲ್ಲ ಬರೆದಿಡುತ್ತ ಹೋದ. 1815ರಲ್ಲಿ ನಾಖ್ಮನರ ಕತೆಗಳು ಅಚ್ಚಾದಾಗ ಪುಟದ ಮೇಲರ್ಧದಲ್ಲಿ ಹೀಬ್ರೂ ಇತ್ತು, ಅದರ ಕೆಳಗೆ ಅವರು ಹೇಳಿದ್ದ ಯಿದ್ದಿಷ್.